ಯುಎ 16+ ಚಿತ್ರಕ್ಕೆ ಎಂಟು ವರ್ಷದ ಮಗಳನ್ನು ಒಳಗೆ ಬಿಟ್ಟರು, ತಪ್ಪಲ್ಲವೇ?

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು, ಮಗಳಿಗೆ ಎಂಟು. ನಾವು ಚಿಕ್ಕವರಿದ್ದಾಗ ಸಿನಿಮಾಗಳಿಗೆ ಯು, ಎ, ಯು/ಎ ಎಂಬ ಮೂರೇ ಸರ್ಟಿಫಿಕೇಟ್ ಇದ್ದವು. ಈಗ ಯುಎ 7+, 13+, 16+ ಎಂದೆಲ್ಲ ಬರುತ್ತಿದೆ. ಈಚೆಗೆ ಯುಎ 16+ ಚಿತ್ರವೊಂದಕ್ಕೆ ಹೋದಾಗ ಮಗಳು ಜೊತೆಯಲ್ಲಿದ್ದರೂ ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಆದರೆ ಹದಿನೇಳು ವರ್ಷದ ನನ್ನ ಅಕ್ಕನ ಮಗನನ್ನು ಎ ಚಿತ್ರಕ್ಕೆ ಬಿಡದೆ ವಾಪಸು ಕಳಿಸಿದರು. ಒಂದೇ ಚಿತ್ರಕ್ಕೆ ಮೊಬೈಲಿನಲ್ಲಿ ಬೇರೆ ವಯಸ್ಸು ತೋರಿಸಿದ್ದೂ ಉಂಟು. ಈ ವಯಸ್ಸುಗಳನ್ನು ಯಾರು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆ, ಯಾಕೆ ಬದಲಾಯಿಸುತ್ತಾರೆ? ನಾನು ಇವನ್ನು ಎಷ್ಟು ನಂಬಬಹುದು? ದೂರು ಕೊಡಬೇಕಾದರೆ ಯಾರಿಗೆ? (ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಚಿತ್ರಮಂದಿರದವರು ಎರಡೂ ಸಲ ಕಾನೂನಿನ ಪ್ರಕಾರವೇ ನಡೆದುಕೊಂಡಿದ್ದಾರೆ. ಎ ಎಂದರೆ ನಿರ್ಬಂಧ. ಹದಿನೆಂಟು ತುಂಬದವರಿಗೆ ಎ ಚಿತ್ರ ತೋರಿಸಿದರೆ ಸಿನಿಮಾಟೋಗ್ರಾಫ್ ಕಾಯ್ದೆಯ 7ನೇ ಕಲಮಿನಂತೆ ಪ್ರದರ್ಶಕರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅಪ್ಪ ಅಮ್ಮ ಜೊತೆಗಿದ್ದರೂ ಅದಕ್ಕೆ ವಿನಾಯಿತಿ ಇಲ್ಲ. ಯುಎ ಹಾಗಲ್ಲ. ಅದರ ಮುಂದೆ 7 ಇರಲಿ, 16 ಇರಲಿ, ಅದು ಹೆತ್ತವರಿಗೆ ಕೊಟ್ಟ ಸೂಚನೆ ಮಾತ್ರ. ಈ ಸೂಚನೆಯನ್ನು ತಂದೆ ತಾಯಿ ಅಥವಾ ಪೋಷಕರ ಹೊರತು ಬೇರೆ ಯಾರೂ ಜಾರಿ ಮಾಡುವಂತಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟವಾಗಿಯೇ ಹೇಳಿದೆ. ಹಾಗಾಗಿ ಟಿಕೆಟ್ ಹರಿಯುವ ಹುಡುಗ ನಿಮ್ಮ ಮಗಳನ್ನು ತಡೆದಿದ್ದರೆ ಅವನೇ ತನ್ನ ಅಧಿಕಾರ ಮೀರಿದಂತಾಗುತ್ತಿತ್ತು. 16ರ ಪಕ್ಕ ಕೂಡಿಸುವ ಚಿಹ್ನೆ ಹಾಕಿದರೆ ಯಾರಿಗಾದರೂ ಅದು ನಿಷೇಧದಂತೆಯೇ ಕಾಣುತ್ತದೆ. ನಿಮ್ಮ ಗೊಂದಲ ಸಹಜ.

ಬಹಳ ಹಿಂದಿನಿಂದಲೂ ಇದರ ಸ್ವಭಾವ ಹೀಗೆಯೇ. 1949ರ ತಿದ್ದುಪಡಿಯಲ್ಲಿ ಮೊದಲ ಬಾರಿಗೆ ಯು ಮತ್ತು ಎ ಬಂದವು. ಅದಕ್ಕೂ ಮುಂಚೆ ಚಿತ್ರವನ್ನು ತೋರಿಸಬಹುದೇ ಬೇಡವೇ ಎಂಬುದೊಂದೇ ಪ್ರಶ್ನೆ ಇತ್ತು. ಯಾರಿಗೆ ತೋರಿಸಬಹುದು ಎಂಬ ಪ್ರಶ್ನೆ ಇರಲಿಲ್ಲ. 1952ರ ಕಾಯ್ದೆ ಈ ಎರಡು ವರ್ಗಗಳನ್ನು ಉಳಿಸಿಕೊಂಡಿತು. ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಸಾಕ್ಷ್ಯಚಿತ್ರಕ್ಕೆ ಎ ಕೊಟ್ಟದ್ದನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಬಂದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಸೆನ್ಸಾರ್ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಉಳಿದ ಕಲೆಗಳಿಗಿಂತ ಸಿನಿಮಾ ಮನಸ್ಸನ್ನು ಹೆಚ್ಚು ಕಲಕುತ್ತದೆ, ಮಕ್ಕಳಂತೂ ತೆರೆಯ ಮೇಲಿನದನ್ನು ಬೇಗ ನಂಬಿಬಿಡುತ್ತಾರೆ, ಆದ್ದರಿಂದ ವಯಸ್ಸಿನ ಮೇಲೆ ಚಿತ್ರಗಳನ್ನು ವಿಂಗಡಿಸುವುದು ಸರಿ ಎಂಬುದು ಕೋರ್ಟಿನ ತರ್ಕ. ನಮ್ಮ ವಯೋಮಿತಿಗಳ ತಳಪಾಯ ಇಂದಿಗೂ ಅದೇ.

ಯು ಮತ್ತು ಎ ನಡುವೆ ದೊಡ್ಡ ಕಂದಕವಿತ್ತು. ಕೊಲೆ, ಹೊಡೆದಾಟ, ಒಂದಿಷ್ಟು ಭಯ ಇರುವ, ಆದರೆ ಕುಟುಂಬವೆಲ್ಲ ನೋಡುವ ಚಿತ್ರವನ್ನು ಎಲ್ಲಿಡುವುದು? 1981ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿ, 1983ರ ಜೂನ್ ಒಂದರಿಂದ ಯುಎ ಎಂಬ ನಡುವಿನ ಮೆಟ್ಟಿಲನ್ನೂ ವೈದ್ಯರಂಥ ವಿಶೇಷ ವರ್ಗದವರಿಗಾಗಿ ಎಸ್ ಅನ್ನೂ ಜಾರಿಗೆ ತಂದರು. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳು ಈ ಚಿತ್ರ ನೋಡಬಹುದೇ ಎಂಬುದನ್ನು ಹೆತ್ತವರು ಯೋಚಿಸಲಿ ಎನ್ನುವುದು ಯುಎಯ ಅರ್ಥ. ಸೆನ್ಸಾರ್ ಮಂಡಳಿ ತನ್ನ ಹೆಸರನ್ನು ಪ್ರಮಾಣೀಕರಣ ಮಂಡಳಿ ಎಂದು ಬದಲಿಸಿಕೊಂಡದ್ದೂ ಅಂದೇ. ಹೆಸರು ಬದಲಾದರೂ ಗಾಂಧಿನಗರದಲ್ಲಿ ಇಂದಿಗೂ ‘ಚಿತ್ರ ಸೆನ್ಸಾರ್ ಆಯಿತೇ’ ಎಂದೇ ಕೇಳುತ್ತಾರೆ.

ಮುಂದಿನ ನಲವತ್ತು ವರ್ಷ ಈ ಒಂದೇ ಯುಎ ಎಲ್ಲ ಭಾರವನ್ನೂ ಹೊತ್ತಿತು. ದೆವ್ವದ ಕಥೆ, ರಕ್ತ ಚಿಮ್ಮುವ ಮಾಸ್ ಚಿತ್ರ, ಪರೀಕ್ಷೆಯಲ್ಲಿ ಫೇಲಾದ ಹುಡುಗನ ಆತ್ಮಹತ್ಯೆ ಇರುವ ಕೌಟುಂಬಿಕ ಚಿತ್ರ, ಎರಡು ಬೈಗುಳ ಇದ್ದ ಹಾಸ್ಯಚಿತ್ರ ಎಲ್ಲಕ್ಕೂ ಯುಎ. ಇಷ್ಟು ಅಗಲವಾದ ಗುರುತು ತಾಯಿಯೊಬ್ಬಳಿಗೆ ಏನು ತಿಳಿಸೀತು? ಆದರೂ ಅದು ಉಳಿಯಿತು, ಏಕೆಂದರೆ ವ್ಯಾಪಾರಕ್ಕೆ ಅದು ಬೇಕಿತ್ತು.

ಈ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಕನ್ನಡ ಚಿತ್ರಗಳು ಸಾಮಾನ್ಯವಾಗಿ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಹೋಗುತ್ತವೆ. ಮಂಡಳಿಯ ಒಬ್ಬ ಅಧಿಕಾರಿ ಮತ್ತು ಸಲಹಾ ಸಮಿತಿಯ ಸದಸ್ಯರು ಕೂತು ಚಿತ್ರ ನೋಡುತ್ತಾರೆ. ಅವರಲ್ಲಿ ಮಹಿಳೆಯರು ಇರಲೇಬೇಕು. ನಿರ್ಮಾಪಕನ ಕಡೆಯವರು ಆ ಹೊತ್ತಿನಲ್ಲಿ ಒಳಗಿರುವಂತಿಲ್ಲ. ಚಿತ್ರ ಮುಗಿದ ಮೇಲೆ ಸದಸ್ಯರು ತಮ್ಮ ತಮ್ಮ ಅಭಿಪ್ರಾಯವನ್ನು ಬರೆದು ಕೊಡುತ್ತಾರೆ. ಸಲಹಾ ಸಮಿತಿಯವರು ಮಕ್ಕಳ ಮನೋವೈದ್ಯರೇ ಆಗಿರಬೇಕೆಂದೇನೂ ಇಲ್ಲ. ಸಮಾಜದ ಬೇರೆ ಬೇರೆ ಕ್ಷೇತ್ರಗಳಿಂದ ಸರ್ಕಾರ ನೇಮಿಸಿದವರು. ಹೊರಗೆ ಕಾಯುತ್ತಿರುವ ನಿರ್ಮಾಪಕನಿಗೆ ಆಮೇಲೆ ಕರೆ ಬರುತ್ತದೆ: ಹೀಗೆಯೇ ಬಿಟ್ಟರೆ ಎ, ಈ ಕತ್ತು ಸೀಳುವ ದೃಶ್ಯವನ್ನು ಕಡಿಮೆ ಮಾಡಿ, ಈ ಮೂರು ಮಾತುಗಳನ್ನು ಮ್ಯೂಟ್ ಮಾಡಿದರೆ ಯುಎ. ನಿರ್ಮಾಪಕ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂದು ಊಹಿಸಲು ಕಷ್ಟವಿಲ್ಲ. ಎ ಬಂದರೆ ಕುಟುಂಬದ ಪ್ರೇಕ್ಷಕರು ಹೋದರು, ಟಿವಿ ಹಕ್ಕಿನ ಹಣವೂ ಹೋಯಿತು. ಎ ಚಿತ್ರವನ್ನು ಟಿವಿಯಲ್ಲಿ ಹಾಗೆಯೇ ತೋರಿಸುವಂತಿಲ್ಲ; ಮತ್ತೆ ಕತ್ತರಿಸಿ ಯುಎ ಪಡೆದ ಮೇಲೆಯೇ ಅದು ಮನೆಯೊಳಗೆ ಬರಬೇಕು. ಹೀಗಾಗಿ ನೀವು ಭಾನುವಾರ ಸಂಜೆ ಟಿವಿಯಲ್ಲಿ ನೋಡುವ ಚಿತ್ರದಲ್ಲಿ ತುಟಿ ಅಲುಗಾಡುತ್ತದೆ, ಮಾತು ಕೇಳಿಸುವುದಿಲ್ಲ.

ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಪುನರ್‌ಪರಿಶೀಲನಾ ಸಮಿತಿ ಇದೆ, ಅದರ ಮೇಲೆ ಈಗ ನೇರ ಹೈಕೋರ್ಟ್. ನಡುವೆ ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಸಣ್ಣ ನಿರ್ಮಾಪಕರಿಗೆ ಇದು ದುಬಾರಿಯಾಯಿತು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಮಂಡಳಿ ಕೊಟ್ಟ ತೀರ್ಮಾನವನ್ನು ಕೇಂದ್ರ ಸರ್ಕಾರ ತಾನೇ ಮೇಲೆ ಕೂತು ಬದಲಾಯಿಸುವ ಅಧಿಕಾರವೊಂದು ಹಿಂದೆ ಕಾಯ್ದೆಯಲ್ಲಿತ್ತು. ಅದನ್ನು ಪ್ರಶ್ನಿಸಿದವರು ಕನ್ನಡದ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪ. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು, ಸುಪ್ರೀಂ ಕೋರ್ಟ್ 2000ದಲ್ಲಿ ಅದನ್ನೇ ಎತ್ತಿಹಿಡಿಯಿತು. ಆ ಕಲಮನ್ನು ಕಾಯ್ದೆಯಿಂದ ತೆಗೆಯಲು ಮಾತ್ರ 2023ರವರೆಗೆ ಕಾಯಬೇಕಾಯಿತು.

ಇನ್ನು ಹೊಸ ಸಂಖ್ಯೆಗಳ ವಿಚಾರ. ಯುಎಯನ್ನು ಒಡೆಯಬೇಕು ಎಂಬ ಮಾತು ಹಳೆಯದು. ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಸಮಿತಿ 2013ರಲ್ಲಿ 12+ ಮತ್ತು 15+ ಎಂದು ಶಿಫಾರಸು ಮಾಡಿತು. 2016ರಲ್ಲಿ ಶ್ಯಾಮ್ ಬೆನಗಲ್ ಸಮಿತಿಯೂ ಯುಎ 12+, ಯುಎ 15+ ಎಂದೇ ಹೇಳಿತು. ಎರಡು ವರದಿಗಳೂ ಕಡತದಲ್ಲಿ ಉಳಿದವು. ಅಷ್ಟರಲ್ಲಿ ಸಿನಿಮಾ ಜನರ ಅಂಗೈಗೆ ಬಂದಿತ್ತು. 2021ರ ಫೆಬ್ರುವರಿಯಲ್ಲಿ, ಇಂಟರ್ನೆಟ್ ಮೂಲಕ ಸಿನಿಮಾ ತೋರಿಸುವ ಒಟಿಟಿಗಳಿಗಾಗಿ ಮಾಡಿದ ಐಟಿ ನಿಯಮಗಳಲ್ಲಿ 7+, 13+, 16+ ಎಂಬ ಮೂರು ಮೆಟ್ಟಿಲು ಬಂದವು. 2023ರ ಆಗಸ್ಟಿನಲ್ಲಿ ಕಾಯ್ದೆಯಾದ ತಿದ್ದುಪಡಿ ಅದೇ ಮೂರು ಸಂಖ್ಯೆಗಳನ್ನು ಚಿತ್ರಮಂದಿರಕ್ಕೂ ತಂದಿತು, 2024ರ ಮಾರ್ಚಿನಲ್ಲಿ ನಿಯಮಗಳು ಬಂದವು. ಗಮನಿಸಿ: ಎರಡು ತಜ್ಞ ಸಮಿತಿಗಳು ಹೇಳಿದ 12, 15 ಎಲ್ಲಿಯೂ ಬರಲಿಲ್ಲ. ಮೊಬೈಲಿಗೆ ಮೊದಲು ಬಂದ ಸಂಖ್ಯೆಗಳು ದೊಡ್ಡ ತೆರೆಗೆ ಹತ್ತಿದವು. ಮಕ್ಕಳ ಮನಸ್ಸಿನ ಬಗ್ಗೆ ಹೊಸದೇನೋ ಗೊತ್ತಾಯಿತು ಎಂದು ಈ ಬದಲಾವಣೆ ಆದದ್ದಲ್ಲ. ಎರಡು ಕಡೆ ಎರಡು ಅಳತೆ ಇರಬಾರದು ಎಂಬ ಆಡಳಿತದ ಅನುಕೂಲಕ್ಕೆ ಆದದ್ದು.

ಹಾಗಾದರೆ ಒಂದೇ ಚಿತ್ರಕ್ಕೆ ಎರಡು ವಯಸ್ಸು ಹೇಗೆ ಬಂತು ಎಂದು ಕೇಳುತ್ತೀರಿ. ಸಂಖ್ಯೆ ಒಂದೇ ಆದರೂ ಅದನ್ನು ಹಾಕುವವರು ಬೇರೆ. ಚಿತ್ರಮಂದಿರದ್ದನ್ನು ಮಂಡಳಿ ಹಾಕುತ್ತದೆ, ಒಟಿಟಿಯದ್ದನ್ನು ಆ ಒಟಿಟಿ ಸಂಸ್ಥೆಯೇ ಹಾಕಿಕೊಳ್ಳುತ್ತದೆ. ಕತ್ತರಿ ಬೀಳದ ಪ್ರತಿಯನ್ನು ಅಲ್ಲಿ ಬಿಟ್ಟಿದ್ದರೆ ವಯಸ್ಸು ಏರಿರಬಹುದು. ಹಳೆಯ ಚಿತ್ರಗಳಿಗಂತೂ ಬರೀ ಯುಎ ಎಂದಷ್ಟೇ ಇರುತ್ತದೆ, ಒಟಿಟಿ ಅದಕ್ಕೊಂದು ಸಂಖ್ಯೆ ಕಟ್ಟಬೇಕು. ಯೂಟ್ಯೂಬಿಗೆ ಬಿಡುವ ಟ್ರೇಲರ್‌ಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರ್‌ಗೆ ಬೇಕು. ನಿಮ್ಮ ಮಗಳು ಚಿತ್ರದ ಅತಿ ಭಯಾನಕ ಅರ್ಧ ನಿಮಿಷವನ್ನು ಸಿನಿಮಾಗೆ ಹೋಗುವ ಮುಂಚೆಯೇ ಫೋನಿನಲ್ಲಿ ನೋಡಿ ಮುಗಿಸಿರುವ ಸಾಧ್ಯತೆ ಹೆಚ್ಚು.

ಬೇರೆ ದೇಶಗಳಲ್ಲಿ ಹೊಸ ವಯೋಮಿತಿಗಳು ಹುಟ್ಟಿದ್ದು ಸಮಿತಿಯ ವರದಿಯಿಂದಲ್ಲ, ಒಂದು ಚಿತ್ರ ಎಬ್ಬಿಸಿದ ಗಲಾಟೆಯಿಂದ. ಅಮೆರಿಕದಲ್ಲಿ 1968ರ ನವೆಂಬರಿನಿಂದ ಉದ್ಯಮವೇ ನಡೆಸುವ ರೇಟಿಂಗ್ ಪದ್ಧತಿ ಇದೆ. ಮಕ್ಕಳ ಜೊತೆ ನೋಡುವ ಮುನ್ನ ಹೆತ್ತವರು ಯೋಚಿಸಲಿ ಎನ್ನುವ ಪಿಜಿ, ಹದಿನೇಳಕ್ಕಿಂತ ಕೆಳಗಿನವರು ದೊಡ್ಡವರ ಜೊತೆಗಷ್ಟೇ ಬರಬಹುದಾದ ಆರ್, ಇವೆರಡರ ನಡುವೆ ಏನೂ ಇರಲಿಲ್ಲ. ದೈತ್ಯ ಶಾರ್ಕ್ ಮೀನು ಜನರನ್ನು ತಿನ್ನುವ ‘ಜಾಸ್’ ಚಿತ್ರಕ್ಕೆ 1975ರಲ್ಲಿ ಸಿಕ್ಕಿದ್ದು ಪಿಜಿ! 1984ರ ಬೇಸಿಗೆಯಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಎರಡನೆಯ ಚಿತ್ರ ಪಿಜಿ ಹೊತ್ತು ಬಂತು. ಅದರಲ್ಲಿ ಒಬ್ಬನ ಎದೆಯೊಳಗೆ ಕೈಹಾಕಿ ಹೃದಯ ಕೀಳುತ್ತಾರೆ. ಬೆನ್ನಿಗೇ ಬಂದ ‘ಗ್ರೆಮ್ಲಿನ್ಸ್’ ಚಿತ್ರದಲ್ಲಿ ಮುದ್ದಾದ ಪ್ರಾಣಿಗಳು ಪಿಶಾಚಿಗಳಾಗಿ, ಅವುಗಳಲ್ಲೊಂದು ಮೈಕ್ರೋವೇವ್ ಒಲೆಯಲ್ಲಿ ಸಿಡಿಯುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ದ ಅಪ್ಪ ಅಮ್ಮಂದಿರು ಸಿಟ್ಟಾದರು. ಮೊದಲನೆಯದರ ನಿರ್ದೇಶಕ, ಎರಡನೆಯದರ ನಿರ್ಮಾಣದಲ್ಲೂ ಪಾಲಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ತಾವೇ ರೇಟಿಂಗ್ ವ್ಯವಸ್ಥೆಯ ಮುಖ್ಯಸ್ಥ ಜ್ಯಾಕ್ ವ್ಯಾಲೆಂಟಿ ಅವರಿಗೆ ನಡುವಿನ ವರ್ಗವೊಂದನ್ನು ಸೂಚಿಸಿದರು. ಜುಲೈ ಒಂದಕ್ಕೆ ಪಿಜಿ-13 ಜಾರಿಗೆ ಬಂತು. ಸರ್ಕಾರಿ ಕಡತವಲ್ಲವಾದ್ದರಿಂದ ಕೆಲವೇ ವಾರಗಳಲ್ಲಿ ಮುಗಿಯಿತು.

ಆಮೇಲೆ ನಡೆದದ್ದು ಇನ್ನೂ ಮುಖ್ಯ. ದೂರು ಬಂದದ್ದು ಮಕ್ಕಳು ಹೆದರುತ್ತಾರೆ ಎಂದು. ಹುಟ್ಟಿದ ವರ್ಗ ಮಾತ್ರ ಹದಿಹರೆಯದವರ ಜೇಬಿಗೆ ಕೈಹಾಕುವ ದಾರಿಯಾಯಿತು. ಪಿಜಿ ಎಂದರೆ ಹುಡುಗರಿಗೆ ಸಪ್ಪೆ, ಆರ್ ಎಂದರೆ ಟಿಕೆಟ್ ನಷ್ಟ. ಪಿಜಿ-13 ಹಾಲಿವುಡ್ಡಿನ ದೊಡ್ಡ ಬಜೆಟ್ ಚಿತ್ರಗಳ ಖಾಯಂ ವಿಳಾಸವಾಯಿತು. ಚಿತ್ರಗಳು ಆ ಅಂಚಿನವರೆಗೂ ಹಿಗ್ಗತೊಡಗಿದವು. ರಕ್ತ ಕಡಿಮೆ, ಗುಂಡು ಹೆಚ್ಚು. 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಪಿಜಿ-13 ಚಿತ್ರಗಳಲ್ಲಿ ಬಂದೂಕಿನ ಹಿಂಸೆ 1985ರಿಂದ ಮೂರು ಪಟ್ಟಿಗೂ ಹೆಚ್ಚಾಗಿತ್ತು. ನಾಲಿಗೆಯ ಮೇಲೆ ಮಾತ್ರ ಹಿಡಿತ ಬಿಗಿ: ಒಂದು ಕೆಟ್ಟ ಪದ ಎರಡನೆಯ ಸಲ ಬಂದರೆ ಆರ್ ಆಗುವ ಭಯವಿದೆ, ನೂರು ಜನ ಸತ್ತರೆ ಅಷ್ಟು ಭಯವಿಲ್ಲ.

ಬ್ರಿಟನ್ನಿನಲ್ಲೂ ಇದೇ ದಾರಿ. 1989ರಲ್ಲಿ ‘ಬ್ಯಾಟ್‌ಮನ್’ ಬಂದಾಗ ಪಿಜಿಗೆ ಹೆಚ್ಚಾಯಿತು, 15ಕ್ಕೆ ಕಡಿಮೆಯಾಯಿತು. ಅದಕ್ಕಾಗಿ 12 ಹುಟ್ಟಿತು. ಅದು ಕಟ್ಟುನಿಟ್ಟಿನ ಮಿತಿ. ಹನ್ನೊಂದರ ಮಗು ಅಪ್ಪನ ಕೈಹಿಡಿದು ಬಂದರೂ ಒಳಗೆ ಬಿಡುವಂತಿರಲಿಲ್ಲ. 2002ರಲ್ಲಿ ‘ಸ್ಪೈಡರ್‌ಮ್ಯಾನ್’ಗೆ 12 ಸಿಕ್ಕಿತು. ಆಟಿಕೆ, ಟೀ ಶರ್ಟುಗಳನ್ನೆಲ್ಲ ಪುಟ್ಟ ಮಕ್ಕಳಿಗೆ ಮಾರಿ ಆಗಿತ್ತು, ಅವರೇ ಚಿತ್ರ ನೋಡುವಂತಿರಲಿಲ್ಲ! ಅಲ್ಲಿ ಕೊನೆಯ ಮಾತು ಸ್ಥಳೀಯ ಕೌನ್ಸಿಲ್‌ಗಳದ್ದು. ಕೆಲವು ಕೌನ್ಸಿಲ್‌ಗಳು ತಮ್ಮ ಊರಿನಲ್ಲಿ ಮಿತಿಯನ್ನು ಸಡಿಲಿಸಿದವು. ಅದೇ ಆಗಸ್ಟಿನಲ್ಲಿ 12ಎ ಬಂತು: ಹನ್ನೆರಡರ ಕೆಳಗಿನವರು ದೊಡ್ಡವರ ಜೊತೆ ಬಂದರೆ ಸರಿ. ಆದರೆ 15 ಮತ್ತು 18 ಅಲ್ಲಿ ಇಂದಿಗೂ ಬಾಗಿಲಲ್ಲೇ ನಿಲ್ಲಿಸುವ ಮಿತಿಗಳು. ಲಂಡನ್ನಿನಲ್ಲಿ ಬಿಡುಗಡೆಯಾಗುವ ಕನ್ನಡ ಚಿತ್ರವೂ ಅಲ್ಲಿನ ಮಂಡಳಿಯ ಕೈದಾಟಿಯೇ ಬರಬೇಕು. ಅದಕ್ಕೆ 15 ಸಿಕ್ಕಿದ್ದರೆ, ನಿಮ್ಮ ಮಗನ ವಯಸ್ಸಿನ ಕನ್ನಡದ ಹುಡುಗನನ್ನು ಅಲ್ಲಿನ ಅಪ್ಪ ಅಮ್ಮ ಎಷ್ಟೇ ಕೇಳಿಕೊಂಡರೂ ಒಳಗೆ ಬಿಡುವುದಿಲ್ಲ.

ಚಿತ್ರ ಒಂದಿಷ್ಟೂ ಬದಲಾಗದೆ ಅದರ ವಯಸ್ಸು ಬದಲಾಗುವುದೂ ಉಂಟು. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಚಿತ್ರಕ್ಕೆ ಆಗ ಬ್ರಿಟನ್ನಿನಲ್ಲಿ ಕತ್ತರಿಸಿಯೂ, ಮಕ್ಕಳನ್ನು ಒಳಗೆ ಬಿಡದ ಎಕ್ಸ್ ಕೊಟ್ಟಿದ್ದರು, ಹುಡುಗರು ಕೆಟ್ಟುಹೋಗುತ್ತಾರೆ ಎಂದು. ಇಂದು ಅದು ಪಿಜಿ. ತಿರುಗುಮುರುಗು ಕೂಡ ಆಗುತ್ತದೆ. ಮೊಲಗಳ ಕಥೆಯ ಕಾರ್ಟೂನ್ ಚಿತ್ರ ‘ವಾಟರ್‌ಶಿಪ್ ಡೌನ್’ಗೆ 1978ರಲ್ಲಿ ಯು ಸಿಕ್ಕಿತ್ತು. ಕಚ್ಚಾಡಿ ರಕ್ತ ಸುರಿಸುವ ಆ ಮೊಲಗಳನ್ನು ನೋಡಿ ಒಂದಿಡೀ ತಲೆಮಾರಿನ ಮಕ್ಕಳು ಅತ್ತರು. 2022ರಲ್ಲಿ ಮರುಪರಿಶೀಲನೆಯಾಗಿ ಪಿಜಿ ಆಯಿತು. 1964ರ ‘ಮೇರಿ ಪಾಪಿನ್ಸ್’ 2024ರಲ್ಲಿ ಯುವಿನಿಂದ ಪಿಜಿಗೆ ಏರಿತು, ಅದರಲ್ಲಿ ಬರುವ ಒಂದು ಜನಾಂಗನಿಂದಕ ಪದಕ್ಕಾಗಿ. ಸೊಂಟದ ಕೆಳಗಿನ ಮಾತಿಗೆ ಹೆದರುತ್ತಿದ್ದ ಸಮಾಜ ಈಗ ಜಾತಿ, ಬಣ್ಣ, ಆತ್ಮಹತ್ಯೆ, ಸಿಗರೇಟುಗಳಿಗೆ ಹೆಚ್ಚು ಹೆದರುತ್ತದೆ. ಬ್ರಿಟನ್ನಿನ ಮಂಡಳಿ ನಾಲ್ಕೈದು ವರ್ಷಕ್ಕೊಮ್ಮೆ ಜನರನ್ನೇ ಕೇಳಿ ಮಾರ್ಗಸೂಚಿ ತಿದ್ದುತ್ತದೆ. 2024ರದ್ದಕ್ಕೆ ಸುಮಾರು 12,000 ಜನರ ಅಭಿಪ್ರಾಯ ಪಡೆದಿದ್ದರು. ನಮ್ಮ ಮಂಡಳಿಯ ಮೂಲ ಮಾರ್ಗಸೂಚಿ 1991ರದ್ದು. ನಮ್ಮಲ್ಲಿ ಸರ್ಟಿಫಿಕೇಟ್ ಹತ್ತು ವರ್ಷಕ್ಕೆ ಮುಗಿಯುವ ನಿಯಮವೊಂದಿತ್ತು, ಅದನ್ನೂ ಈಗ ತೆಗೆದು ಶಾಶ್ವತ ಮಾಡಿದ್ದಾರೆ. ನಿರ್ಮಾಪಕರಿಗೆ ನೆಮ್ಮದಿ. ಹಳೆಯ ಚಿತ್ರವನ್ನು ಹೊಸ ಕಣ್ಣಿನಿಂದ ನೋಡುವ ಒಂದು ನೆಪವೂ ಹಾಗೆಯೇ ಹೋಯಿತು.

ಈ ವಯಸ್ಸುಗಳಿಗೆ ಏನು ಆಧಾರ ಎಂದಿರಿ. ಜರ್ಮನಿಯಲ್ಲಿ 6, 12, 16. ಬ್ರಿಟನ್ನಿನಲ್ಲಿ 12, 15. ಅಮೆರಿಕದಲ್ಲಿ 13, 17. ನಮ್ಮಲ್ಲಿ ಮೊನ್ನೆಯವರೆಗೆ 12, ಇಂದು 7, 13, 16. ರೈನ್ ನದಿಯ ದಡದ ಹುಡುಗ ಹನ್ನೆರಡಕ್ಕೆ ಪಕ್ವವಾಗಿ, ತುಂಗೆಯ ದಡದವನಿಗೆ ಇನ್ನೊಂದು ವರ್ಷ ಬೇಕೇ? ಸಂಖ್ಯೆಗಳು ಆಯಾ ದೇಶದವರು ಮಾಡಿಕೊಂಡ ಒಪ್ಪಂದ. ಮನೋವಿಜ್ಞಾನ ಹೇಳುವುದು ಬೇರೆ, ಮತ್ತು ನಿಮಗೆ ಹೆಚ್ಚು ಉಪಯೋಗವಾಗುವುದು ಅದೇ. ಐದಾರು ವರ್ಷದವರೆಗಿನ ಮಕ್ಕಳು ಕಣ್ಣಿಗೆ ವಿಕಾರವಾಗಿ ಕಾಣುವುದಕ್ಕೆ ಹೆದರುತ್ತಾರೆ: ಮುಖವಾಡ, ರೂಪ ಬದಲಿಸುವ ಮನುಷ್ಯ, ಒಮ್ಮೆಲೇ ಬರುವ ಸದ್ದು. ಕಥೆಯಲ್ಲಿ ಅವನು ಒಳ್ಳೆಯವನೆಂದರೂ ಅವರಿಗೆ ಅದು ಸಮಾಧಾನವಲ್ಲ. ಎಂಟು ಹತ್ತರ ಹೊತ್ತಿಗೆ ದೆವ್ವದ ಭಯ ಇಳಿಯುತ್ತದೆ, ನಿಜವಾಗಿ ನಡೆಯಬಹುದಾದದ್ದರ ಭಯ ಏರುತ್ತದೆ: ಮಗುವನ್ನು ಕದ್ದೊಯ್ಯುವುದು, ಅಪ್ಪ ಸಾಯುವುದು, ಮನೆಗೆ ಬೆಂಕಿ ಬೀಳುವುದು. ನಿಮ್ಮ ಮಗಳು ಈಗ ಈ ದಾಟುವ ಘಟ್ಟದಲ್ಲಿದ್ದಾಳೆ. ಅವಳಿಗೆ ಗ್ರಾಫಿಕ್ಸಿನ ರಾಕ್ಷಸನಿರುವ 13+ ಚಿತ್ರಕ್ಕಿಂತ ಅಮ್ಮನನ್ನು ಕಳೆದುಕೊಳ್ಳುವ ಯು ಚಿತ್ರ ಹೆಚ್ಚು ದಿನ ನಿದ್ದೆಗೆಡಿಸಬಹುದು. ಯಾವ ಸಂಖ್ಯೆಯೂ ಇದನ್ನು ಹೇಳುವುದಿಲ್ಲ.

ಆದ್ದರಿಂದ ನಂಬಬೇಕಾದದ್ದು ಸಂಖ್ಯೆಯನ್ನಲ್ಲ, ಸಂಖ್ಯೆಯ ಕಾರಣವನ್ನು. ಒಟಿಟಿಯಲ್ಲಿ ಚಿತ್ರದ ಆರಂಭದಲ್ಲಿ ಹಿಂಸೆ, ಭಾಷೆ, ಮಾದಕವಸ್ತು ಎಂದು ಬರುವ ಸಣ್ಣ ಸಾಲನ್ನು ಓದಿ. ಅದನ್ನು ತೋರಿಸುವುದು ನಿಯಮದಂತೆ ಕಡ್ಡಾಯ. 13+ ಮತ್ತು ಅದಕ್ಕೆ ಮೇಲ್ಪಟ್ಟವುಗಳಿಗೆ ಪೋಷಕರ ಲಾಕ್ ಸೌಲಭ್ಯ ಕೊಡುವುದೂ ಕಡ್ಡಾಯ. ಮಗಳು ನೋಡುವ ಪ್ರೊಫೈಲಿಗೆ ಅದನ್ನು ಹಾಕಿಡಿ, ಪಿನ್ ಅಣ್ಣನಿಗೆ ಹೇಳಬೇಡಿ. ಚಿತ್ರಮಂದಿರದ ಚಿತ್ರವಾದರೆ ಬಿಡುಗಡೆಯ ದಿನ ಮೊದಲ ಆಟಕ್ಕೆ ಮಕ್ಕಳನ್ನು ಕರೆದೊಯ್ಯದೆ, ಈಗಾಗಲೇ ನೋಡಿದ ಯಾರನ್ನಾದರೂ ‘ಅದರಲ್ಲಿ ಏನಿದೆ’ ಎಂದು ಕೇಳಿ. ‘ಚೆನ್ನಾಗಿದೆಯಾ’ ಎಂದು ಕೇಳಿದರೆ ನಿಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಬ್ರಿಟನ್ನಿನಲ್ಲೂ ಬಿಡುಗಡೆಯಾದ ಚಿತ್ರವಾದರೆ ಅಲ್ಲಿನ ಮಂಡಳಿಯ ಜಾಲತಾಣದಲ್ಲಿ ಯಾವ ಬಗೆಯ ದೃಶ್ಯಗಳಿವೆ ಎಂಬ ವಿವರ ಸಿಗುತ್ತದೆ, ಭಾರತೀಯ ಚಿತ್ರಗಳದ್ದೂ. ಮಗನಿಗೆ ಹದಿನಾಲ್ಕು, 16+ ಚಿತ್ರವನ್ನು ಅವನು ಗೆಳೆಯರ ಜೊತೆ ಹೇಗೂ ನೋಡುತ್ತಾನೆ. ಬೇಡವೆನ್ನುವುದಕ್ಕಿಂತ ನೀವೂ ಪಕ್ಕದಲ್ಲಿ ಕೂತು ನೋಡುವುದು ಒಳ್ಳೆಯದು, ಅವನು ಮುಖ ಸಿಂಡರಿಸಿದರೂ.

ಅಮೆರಿಕದ ಪಿಜಿ-13ಗೆ ಆದದ್ದೇ ನಮ್ಮ ಯುಎ 16+ಗೂ ಆಗುತ್ತದೆ ಎಂದು ನನಗನ್ನಿಸುತ್ತದೆ. ಎ ಆಗಬೇಕಿದ್ದ ಚಿತ್ರಗಳು ನಾಲ್ಕು ಕತ್ತರಿಯೊಂದಿಗೆ ಇಲ್ಲಿ ಬಂದು ನೆಲೆಸುತ್ತವೆ. ಬಾಗಿಲಲ್ಲಿ ತಡೆಯಿಲ್ಲ, ಟಿವಿಗೂ ದಾರಿಯಿದೆ. ಹತ್ತು ವರ್ಷದಲ್ಲಿ ಇದನ್ನೂ ಒಡೆಯಬೇಕು ಎಂದು ಇನ್ನೊಂದು ಸಮಿತಿ ವರದಿ ಕೊಟ್ಟರೆ ಆಶ್ಚರ್ಯಪಡಬೇಡಿ.

ಕೊನೆಯದಾಗಿ ದೂರಿನ ವಿಷಯ. ಒಟಿಟಿಯ ವಯೋಸೂಚನೆ ತಪ್ಪೆನಿಸಿದರೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರು ಹದಿನೈದು ದಿನದೊಳಗೆ ತೀರ್ಮಾನ ತಿಳಿಸಬೇಕು, ಒಪ್ಪಿಗೆಯಾಗದಿದ್ದರೆ ಮೇಲಿನ ಹಂತಕ್ಕೆ ಹೋಗಬಹುದು. ಚಿತ್ರಮಂದಿರದಲ್ಲಿ ಎ ಚಿತ್ರಕ್ಕೆ ಮಕ್ಕಳನ್ನು ಬಿಡುತ್ತಿದ್ದರೆ ಟಿಕೆಟ್ ಮತ್ತು ಆಟದ ಸಮಯದ ವಿವರ ಇಟ್ಟುಕೊಂಡು ಪೊಲೀಸರಿಗೆ, ಅಥವಾ ಪ್ರದರ್ಶನದ ಪರವಾನಗಿ ಕೊಡುವ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ. ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆಯೇ ಹೊರತು ಬಾಗಿಲು ಕಾಯುವುದಿಲ್ಲ. ಯುಎ 16+ ಚಿತ್ರಕ್ಕೆ ಮಗಳನ್ನು ಬಿಟ್ಟರು ಎಂಬ ದೂರನ್ನು ಮಾತ್ರ ಯಾರೂ ತೆಗೆದುಕೊಳ್ಳುವುದಿಲ್ಲ. ಇನ್ನು ನಿಮ್ಮ ಅಕ್ಕನ ಮಗ ಹದಿನೆಂಟು ತುಂಬಿದ ಮೇಲೆ ಆಧಾರ್ ಕಾರ್ಡಿನ ಪ್ರತಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ, ಮೀಸೆ ಬಾರದ ಹುಡುಗರನ್ನು ಆಗಲೂ ಕೇಳುತ್ತಾರೆ.